ಹೊಗೆ ಕಾಣದೆ ಬೆಂಕಿಯ ಶೋಧ

ನಮ್ಮ ಹಿಂಡಲಗಾವನ್ನು ಹೊರಗಿನವರು ಬಹುಮಟ್ಟಿಗೆ ಅಲ್ಲಿಯ ಸೆರೆಮನೆಯಿಂದಲೇ ಅರಿತಿರುವರು. ಮಗನನ್ನು ಕಾಣಲು ಧಾರವಾಡದ ಕಡೆಯಿಂದ ಇಲ್ಲಿಗೆ ಬರುವ ತಾಯಿಯೊಬ್ಬಳು ತನ್ನ ಪಯಣವನ್ನು ನೆರೆಹೊರೆಯವರಿಗೆ ತಿಳಿಸದಿರಬಹುದು. ಅವಳದು ಅಪರಾಧವಲ್ಲ, ಮಾನದ ಪ್ರಶ್ನೆ. ಆದರೆ ಅವಳ ಗಾಡಿಯ ಹಾದಿಯನ್ನು ಬರೆದಿಟ್ಟುಕೊಂಡವರು ಆ ಗುಟ್ಟನ್ನು ಅವಳಿಂದ ಕೇಳಿ ತಿಳಿಯಬೇಕಾದುದೇ ಇಲ್ಲ.

ಹಾಗೆ ಬರೆದಿಡುವ ಸಾಧನವು ಈಗ ಗಾಡಿಯ ಗಾಜಿಗೇ ಅಂಟಿಕೊಂಡಿದೆ. 2021ರ ಫೆಬ್ರವರಿಯಿಂದ ಹೆದ್ದಾರಿಯ ಸುಂಕದ ಕಟ್ಟೆಗಳಲ್ಲಿ ಫಾಸ್ಟ್‌ಟ್ಯಾಗ್ ಕಡ್ಡಾಯವಾಯಿತಷ್ಟೆ. ಹಿರೇಬಾಗೇವಾಡಿಯ ಕಟ್ಟೆಯನ್ನು ದಾಟಿದೊಡನೆ ಹಣದ ಜೊತೆಗೆ ಸ್ಥಳವೂ ಕಾಲವೂ ಲೆಕ್ಕಕ್ಕೆ ಸೇರುವುವು. ಬೀದಿಯ ಕ್ಯಾಮರಾಗಳೂ ಕೂಡಿದರೆ ಉಳಿದ ಹಾದಿಯೂ ತಿಳಿಯುವುದು. ಈ ಲೆಕ್ಕವಿರುವುದು ಸುಂಕಕ್ಕಾಗಿ. ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೆಯ ಕಲಮಿನಂತೆ, ತನಿಖೆಗೆ ಬೇಕೆನಿಸಿದ ದಾಖಲೆಯನ್ನು ಠಾಣಾಧಿಕಾರಿಯು ತನ್ನ ಲಿಖಿತ ಆಜ್ಞೆಯಿಂದಲೇ ತರಿಸಬಹುದು.

ಹಾಗಾದರೆ ಕಳ್ಳರನ್ನು ಹಿಡಿಯುವುದು ಬೇಡವೇ ಎಂದು ವಾಚಕರು ಕೇಳಬಹುದು. ಅವಶ್ಯವಾಗಿ ಬೇಕು. ಆದರೆ ತರ್ಕಶಾಸ್ತ್ರದ ಬಾಲಪಾಠವನ್ನು ನೆನೆಯೋಣ. ಗುಡ್ಡದಲ್ಲಿ ಹೊಗೆಯನ್ನು ಕಂಡ ಬಳಿಕವೇ ಬೆಂಕಿಯ ಅನುಮಾನ. ಹೊಗೆ ಕಾಣದೆಯೇ ಗುಡ್ಡಗಳನ್ನೆಲ್ಲ ಶೋಧಿಸಹೊರಡುವುದು ಅನುಮಾನವೆನಿಸದು. ತಾನು ಕಂಡ ಹೊಗೆಯನ್ನು ನ್ಯಾಯಾಧೀಶರಿಗೂ ತೋರಿಸತಕ್ಕದ್ದೆಂಬ ಕಟ್ಟಳೆಗೇ ವಾರಂಟೆಂದು ಹೆಸರು.

1962ರಲ್ಲಿ ಖರಕ್ ಸಿಂಗನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪೋಲೀಸರು ರಾತ್ರಿ ಮನೆಗೆ ಬಂದು ಬಾಗಿಲು ತಟ್ಟುವುದನ್ನು ನಿಷೇಧಿಸಿತು. ಹೊರಗೆ ಅವನ ಚಲನವಲನಗಳ ಮೇಲೆ ಕಣ್ಣಿಡುವುದನ್ನು ನಿಷೇಧಿಸಲಿಲ್ಲ. ಅದೂ ಸ್ವಾತಂತ್ರ್ಯಭಂಗವೇ ಎಂದು ನ್ಯಾಯಮೂರ್ತಿ ಸುಬ್ಬರಾವ್ ಭಿನ್ನಮತವಿತ್ತರು. ಮುಂದೆ, ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಸಲ್ಲಿಸಿದ ಅರ್ಜಿಯ ಮೇಲೆ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿದರು. 2024ರ ಜುಲೈಯಲ್ಲಿ ಅದೇ ಕೋರ್ಟು, ಜಾಮೀನು ಪಡೆದ ಆರೋಪಿಯ ಸಂಚಾರವನ್ನು ಪೋಲೀಸರು ಸದಾ ನೋಡುತ್ತಿರುವಂಥ ಷರತ್ತು ಸಲ್ಲದೆಂದಿತು. ಆರೋಪಿಗೇ ಇಷ್ಟು ರಕ್ಷಣೆಯಿರುವಾಗ, ಆರೋಪವೇ ಇಲ್ಲದ ಗೃಹಸ್ಥನಿಗೆ ಅದಕ್ಕಿಂತ ಕಡಿಮೆಯಿರಬಹುದೇ?

ಆದುದರಿಂದ ಸುಂಕದ ಲೆಕ್ಕವು ಸುಂಕಕ್ಕೇ ಇರಲಿ. ಒಬ್ಬನ ಹಾದಿಯನ್ನು ಅರಿಯಬೇಕಾದರೆ ಕಾರಣವನ್ನು ಬರೆದು ಮ್ಯಾಜಿಸ್ಟ್ರೇಟರ ಅಪ್ಪಣೆ ಪಡೆಯುವಂತಾಗಲಿ. ಜೀವಾಪಾಯವಿರುವಾಗ ತಡೆಯದೆ ಶೋಧಿಸಿ, ಮರುದಿನವೇ ಕಾರಣ ಹೇಳಲಿ. ಇದರಿಂದ ಕಳ್ಳನಿಗೆ ಲಾಭವಿಲ್ಲ. ಆ ತಾಯಿಯಾದರೋ ಮಗನ ಮುಖ ನೋಡಿ, ತನ್ನ ದುಃಖವನ್ನು ತನ್ನಲ್ಲೇ ಇಟ್ಟುಕೊಂಡು ಮನೆಗೆ ಮರಳಬಹುದು.