ಭಾಗ 7: ಯಾರು ಕೂತಿದ್ದಾರೆ, ಎಷ್ಟು ಮಾತಾಡ್ತಾರೆ?

ಫೋಟೊದಲ್ಲಿರೋದು ವಿಧಾನಸೌಧ. ನಮ್ಮ ವಿಧಾನಸಭೆಗೆ 224 ಸ್ಥಾನ. 2023ರ ಚುನಾವಣೆಯಲ್ಲಿ ಗೆದ್ದ ಮಹಿಳೆಯರು ಎಷ್ಟು ಗೊತ್ತಾ? 10.

ಇದೇ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಊರಲ್ಲಿ ಸಿಗೋ ಹೆಣ್ಮಕ್ಕಳು ವಿಧಾನಸಭೆ ಟಿಕೆಟ್ ಹಂಚೋ ಹೊತ್ತಿಗೆ ಎಲ್ಲಿ ಮಾಯ ಆಗ್ತಾರೆ? 2023ರಲ್ಲೇ ಸಂವಿಧಾನದ 106ನೇ ತಿದ್ದುಪಡಿ ಮೂರನೇ ಒಂದು ಭಾಗ ಮೀಸಲಿಟ್ಟಿತು. ಆದ್ರೆ ಜನಗಣತಿ, ಕ್ಷೇತ್ರ ಮರುವಿಂಗಡಣೆ ಆದ್ಮೇಲೆ ಅಂತ ಷರತ್ತನ್ನೂ ಹಾಕ್ತು. ಟಿಕೆಟ್ ಕೊಡೋಕೆ ಪಕ್ಷಗಳು ಅಲ್ಲೀವರೆಗೆ ಕಾಯಬೇಕಾ?

ಸರಿ, ನಾಳೆ 10 ಇರೋದು 75 ಆಯ್ತು ಅಂತಲೇ ಇಟ್ಕೊಳ್ಳಿ. ಮಾತಾಡೋಕೆ ದಿನಗಳೂ ಬೇಕಲ್ವಾ? ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೀಬೇಕು ಅಂತ 2005ರಲ್ಲಿ ಇಲ್ಲೇ ಕಾನೂನು ಮಾಡ್ಕೊಂಡ್ರು. ಅದನ್ನ ಪಾಲಿಸೋದು ಅಪರೂಪ. ಮೇಲಿಂದ, 1985ರ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ವಿಪ್ ಮೀರಿ ಮತ ಹಾಕಿದ್ರೆ ಶಾಸಕ ಸ್ಥಾನವೇ ಹೋಗಬಹುದು. ಹಾಗಿದ್ಮೇಲೆ ಚರ್ಚೆ ಕೇಳಿ ಮನಸ್ಸು ಬದಲಾಯಿಸೋರು ಯಾರು?

ನನ್ನ ಅಭಿಪ್ರಾಯ: ವಿಪ್ ಇರೋದಾದ್ರೆ ವಿಶ್ವಾಸಮತಕ್ಕೆ, ಬಜೆಟ್‌ಗೆ ಮಾತ್ರ ಇರಲಿ. ಉಳಿದ ಮಸೂದೆಗಳು ಮೊದಲು ಶಾಸಕರ ಸಮಿತಿಗೆ ಹೋಗಲಿ. ಅಲ್ಲಿ ರೈತರು, ಆಶಾ ಕಾರ್ಯಕರ್ತೆಯರು, ನಮ್ಮಂಥ ವಿದ್ಯಾರ್ಥಿಗಳೂ ಬಂದು ಮಾತಾಡಲಿ. 60 ದಿನ ನಡೀಲಿಲ್ಲ ಅಂದ್ರೆ ಯಾಕೆ ಅಂತ ಸದನದಲ್ಲೇ ಹೇಳಲಿ.

ಮುಂದಿನ ಸಲ ಶಾಸಕರು ಕಾಲೇಜ್ ಫಂಕ್ಷನ್‌ಗೆ ಬಂದಾಗ ಸೆಲ್ಫಿ ತಗೊಳ್ಳಿ, ಪರವಾಗಿಲ್ಲ. ಜೊತೆಗೆ ಇದೊಂದು ಕೇಳಿ: “ಸರ್, ಕಳೆದ ಅಧಿವೇಶನದಲ್ಲಿ ನಮ್ಮ ತಾಲೂಕಿನ ಬಗ್ಗೆ ಏನು ಮಾತಾಡಿದ್ರಿ?” ಉತ್ತರ ಸಿಕ್ರೆ ಕೆಳಗೆ ಕಾಮೆಂಟ್ ಮಾಡಿ. ಸಿಗದಿದ್ರೂ ಮಾಡಿ.

#ನಮ್ಮಸದನ #ಓದಿಶೇರ್‌ಮಾಡಿ