ಕೇಳುವ ಹೃದಯ



ಪ್ರತಿ ವರ್ಷವೂ ಪರೀಕ್ಷಾಫಲವು ಪ್ರಕಟವಾದೊಡನೆ ತಾಯಿತಂದೆಗಳು ನಮ್ಮಲ್ಲಿಗೆ ಬಂದು, "ನಮ್ಮ ಹುಡುಗಿ ಜಾಣೆಯೇ?" ಎಂದು ವಿಚಾರಿಸುವುದುಂಟು. "ವಿವೇಕವುಳ್ಳವಳೇ?" ಎಂದು ಕೇಳುವವರು ಬಹು ವಿರಳ. ಜಾಣತನಕ್ಕೆ ಅಂಕಗಳುಂಟು, ವಿವೇಕಕ್ಕೆ ಇಲ್ಲ. ಆದರೂ ಕಷ್ಟಕಾಲದಲ್ಲಿ ಕೈಹಿಡಿಯುವುದು ವಿವೇಕವೇ ಎಂಬುದನ್ನು ಸಂಸಾರಭಾರವನ್ನು ಹೊತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಚೆನ್ನಾಗಿ ಬಲ್ಲರು.

ಹಾಗಾದರೆ ವಿವೇಕವೆಂದರೇನು? ಸೊಲೊಮೋನ ಅರಸನು ದೀರ್ಘಾಯುಸ್ಸನ್ನಾಗಲಿ ಐಶ್ವರ್ಯವನ್ನಾಗಲಿ ಬೇಡದೆ ವಿವೇಕವನ್ನೇ ಬೇಡಿದನೆಂಬ ವೃತ್ತಾಂತವು ಅರಸುಗಳ ಪ್ರಥಮ ಗ್ರಂಥದ 3ನೆಯ ಅಧ್ಯಾಯದಲ್ಲಿದೆ. ಅವನು ಬೇಡಿದುದಕ್ಕೆ ಇಬ್ರಿಯ ಮೂಲದಲ್ಲಿರುವ ಮಾತಿನ ಅಕ್ಷರಾರ್ಥವು 'ಕೇಳುವ ಹೃದಯ' ಎಂಬುದು. ಅವನ ಮಗನಾದ ರೆಹಬ್ಬಾಮನಿಗೆ ಸಿಂಹಾಸನವು ಪಿತ್ರಾರ್ಜಿತವಾಗಿ ಬಂದಿತು, ಆ ಹೃದಯವು ಬರಲಿಲ್ಲ. ನೊಗವನ್ನು ಹಗುರಮಾಡಬೇಕೆಂದು ಪ್ರಜೆಗಳು ಮೊರೆಯಿಟ್ಟಾಗ, ಅವನು ಹಿರಿಯರ ಹಿತವಚನವನ್ನು ತಳ್ಳಿ, ಜೊತೆಯಲ್ಲಿ ಬೆಳೆದವರ ಮಾತಿನಂತೆ ಬಿರುಸಾದ ಉತ್ತರವನ್ನಿತ್ತನು. ಕ್ರಿಸ್ತಪೂರ್ವ 930ರ ಸುಮಾರಿಗೆ ರಾಜ್ಯವು ಎರಡಾಯಿತು. ಅವನು ಕೇಳದೆ ಇರಲಿಲ್ಲ. ತನಗೆ ರುಚಿಸಿದುದನ್ನು ಮಾತ್ರ ಕೇಳಿದನು.

ಅರಸರ ತಪ್ಪನ್ನು ಎಣಿಸಿದ ಮೇಲೆ ನಮ್ಮದೊಂದನ್ನೂ ಅರಿಕೆಮಾಡುವುದು ನ್ಯಾಯ. ಹಲವು ವರ್ಷಗಳ ಹಿಂದೆ ಒಬ್ಬ ಬಾಲಕಿಯು ಪಕ್ಕದವಳ ಪುಸ್ತಕವನ್ನು ನೋಡಿ ಲೆಕ್ಕ ಬರೆಯುತ್ತಿದ್ದಳು. ಎರಡು ಸಾರಿ ಎಚ್ಚರಿಸಿ, ಮೂರನೆಯ ಸಾರಿ ಅವಳನ್ನು ಕೊನೆಯ ಬೆಂಚಿನಲ್ಲಿ ಒಂಟಿಯಾಗಿ ಕೂಡಿಸಿದೆವು. ಒಂದು ತಿಂಗಳು ಕಳೆಯಿತು. ಒಂದು ಸಂಜೆ ವಿದ್ಯಾರ್ಥಿನಿಲಯದ ಆಯಾ ಬಂದು, "ಅಮ್ಮಾ, ಆ ಮಗು ಕಳ್ಳಿಯಲ್ಲ. ಬಾವಿಕಟ್ಟೆಯಲ್ಲಿ ನಿಂತರೆ ಗೇಟಿನ ಹತ್ತಿರ ಬಂದ ಹೆತ್ತತಾಯಿಯ ಗುರುತೇ ಅದಕ್ಕೆ ಸಿಕ್ಕುವುದಿಲ್ಲ" ಎಂದಳು. ವೈದ್ಯರು ಪರೀಕ್ಷಿಸಿದರು, ಕನ್ನಡಕ ಬಂದಿತು, ಕಪ್ಪುಹಲಗೆಯ ಅಕ್ಷರಗಳು ಅವಳಿಗೆ ಅಂದೇ ಮೊದಲು ಸ್ಪಷ್ಟವಾಗಿ ಕಂಡವು. ತರಬೇತಿ ಹೊಂದಿದ ನಮಗೆ ಕಾಣದುದು ಅಕ್ಷರವರಿಯದ ಆ ಮುದುಕಿಗೆ ಕಂಡಿತ್ತು. ಕೇಳಿದ್ದರೆ ಹುಡುಗಿಯೇ ಹೇಳುತ್ತಿದ್ದಳು, ನಾವು ಕೇಳಲಿಲ್ಲ. ತರಗತಿಯ ಮುಂದೆ ಶಿಕ್ಷೆ ವಿಧಿಸಿದ್ದ ನಾವು ತರಗತಿಯ ಮುಂದೆಯೇ ತಪ್ಪೊಪ್ಪಿಕೊಂಡೆವು. ಆದರೆ ಆ ಒಂದು ತಿಂಗಳನ್ನು ಅವಳಿಗೆ ಹಿಂದಿರುಗಿಸಲು ನಮ್ಮಿಂದಾಗಲಿಲ್ಲ.

ವಯಸ್ಸಾದಂತೆ ವಿವೇಕವು ತಾನಾಗಿಯೇ ಬರುವುದೆಂದು ಲೋಕವು ನಂಬಿದೆ. ನಾವು ಹಾಗೆ ನಂಬಲಾರೆವು. ಆಗಲೇ ನಾವು ಹತ್ತು ವರ್ಷಕ್ಕಿಂತಲೂ ಹೆಚ್ಚು ಕಾಲ ಪಾಠ ಹೇಳಿದ್ದೆವು; ವರ್ಷಗಳು ನಮಗೆ ಕಲಿಸಿದ್ದು ಅವಸರದ ತೀರ್ಪನ್ನು ಮಾತ್ರ. ತಿದ್ದುವವರು ಯಾರೇ ಆಗಿರಲಿ, ಅವರ ಮಾತನ್ನು ಕೇಳಿ, ತಪ್ಪನ್ನು ತಪ್ಪೆಂದು ಒಪ್ಪಿದ ದಿನವೇ ಮನುಷ್ಯನು ಒಂದಿಷ್ಟು ವಿವೇಕಿಯಾಗುವನು.

ಆದಕಾರಣ ಪೋಷಕರಲ್ಲಿ ನಮ್ಮ ವಿನಂತಿಯಿಷ್ಟೆ. ನಿಮ್ಮ ಮಗಳು "ನನಗೆ ತಿಳಿಯದು" ಎಂದರೆ ನಾಚಿಕೆಪಡಿಸಬೇಡಿರಿ. ನೀವು ತಪ್ಪಿದಾಗ ಅವಳೆದುರಿಗೇ ಒಪ್ಪಿಕೊಳ್ಳಿರಿ. ಅವಳ ವಿವೇಕದ ಮೊದಲನೆಯ ಪಾಠಪುಸ್ತಕ ನೀವೇ. ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಮನೆಗಳಲ್ಲಿ ಅತ್ತೆಯವರ ಮಾತನ್ನೂ ಕೆಲಸದವಳ ಮಾತನ್ನೂ ಮಗುವಿನ ಮಾತನ್ನೂ ಕೊನೆಯವರೆಗೆ ಕೇಳಿ ಅನಂತರ ತೀರ್ಮಾನಿಸಿರಿ. ನೀವು ಇಲ್ಲಿ ಓದುತ್ತಿದ್ದಾಗ ನಮ್ಮಿಂದ ನಿಮಗೆ ಅನ್ಯಾಯವಾಗಿದ್ದರೆ, ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಬಂದು ತಿಳಿಸಿರಿ. ನಾವೂ ಇನ್ನೂ ಕಲಿಯುತ್ತಲೇ ಇದ್ದೇವೆ.