ಟೈಟಾನಿಕ್ ಆಟಿಕೆ ಅಲ್ಲ ಕಣ್ರೋ

ಪೋಸ್ಟ್ 1/7

ಈ ವಾರ ಕ್ಲಾಸ್ ಗ್ರೂಪ್‌ನಲ್ಲಿ ಎಲ್ಲರೂ ಫಾರ್ವರ್ಡ್ ಮಾಡಿದ ಆ ಹಡಗಿನ ರೀಲ್ ಬಗ್ಗೆ ಏಳು ಪೋಸ್ಟ್ ಬರೀತಿದ್ದೀನಿ. ಉದ್ದ ಆಯ್ತು ಅನ್ನೋರು ಈಗ್ಲೇ ಸ್ಕ್ರೋಲ್ ಮಾಡ್ಕೊಂಡು ಹೋಗ್ಬಹುದು, ಬೇಜಾರಿಲ್ಲ.

ನೋಡದೇ ಇರೋರಿಗೆ: ಎಡಗಡೆ ಟೈಟಾನಿಕ್, ಬಲಗಡೆ ಐಕಾನ್ ಆಫ್ ದಿ ಸೀಸ್. 1912 ವರ್ಸಸ್ 2024. 269 ಮೀಟರ್ ವರ್ಸಸ್ 365 ಮೀಟರ್. 46,328 ಟನ್ ವರ್ಸಸ್ 2,48,663 ಟನ್. ಕೊನೆಗೆ ದಪ್ಪಕ್ಷರದಲ್ಲಿ ತೀರ್ಪು: ಹೊಸ ಹಡಗು ಐದು ಪಟ್ಟು ಭಾರ, ಟೈಟಾನಿಕ್ ಬರೀ ಆಟಿಕೆ. ಕೆಳಗೆ ನಮ್ಮವರದ್ದೇ ಬೆಂಕಿ ಇಮೋಜಿಗಳ ಸಾಲು.

ಮೊದಲನೇದಾಗಿ, ಆ 'ಟನ್' ತೂಕಾನೇ ಅಲ್ಲ. ಹಡಗಿನ ಗ್ರಾಸ್ ಟನೇಜ್ ಅಂದ್ರೆ ಒಳಗಡೆ ಎಷ್ಟು ಜಾಗ ಇದೆ ಅನ್ನೋ ಅಳತೆ. ಹಳೇ ಲೆಕ್ಕದಲ್ಲಿ 100 ಘನ ಅಡಿ ಜಾಗಕ್ಕೆ ಒಂದು ಟನ್. ಟೈಟಾನಿಕ್‌ದು ಆ ಲೆಕ್ಕ. 1969ರ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಸೂತ್ರಾನೇ ಬದಲಾಯ್ತು, 1982ರಿಂದ ಜಾರಿಗೆ ಬಂತು. ಐಕಾನ್‌ದು ಆ ಹೊಸ ಸೂತ್ರದ ನಂಬರ್. ಅಂದ್ರೆ ಸೇರಿನಲ್ಲಿ ಅಳೆದ ರಾಗೀನೂ ಲೀಟರ್‌ನಲ್ಲಿ ಅಳೆದ ರಾಗೀನೂ ಪಕ್ಕಪಕ್ಕ ಸುರಿದು, ಎರಡನ್ನೂ 'ತೂಕ' ಅಂತ ಕರೆದ ಹಾಗೆ. ನಮ್ಮೂರ ಯಾವ ಅಜ್ಜಿಯೂ ಈ ವ್ಯಾಪಾರಕ್ಕೆ ಒಪ್ಪಲ್ಲ. ಮೂರು ವರ್ಷ ಅಕೌಂಟೆನ್ಸಿ ಓದೋ ನೀವು ಒಪ್ಪಿ ಶೇರ್ ಮಾಡಿದ್ರಿ.

ಪೋಸ್ಟ್ 2/7

ಎರಡನೇದು ಇನ್ನೂ ದೊಡ್ಡ ಮೋಸ. ಟೈಟಾನಿಕ್ ಒಂದು ಲೈನರ್. ಐಕಾನ್ ಕ್ರೂಸ್ ಹಡಗು. ಎರಡೂ ನೀರಿನ ಮೇಲೆ ತೇಲುತ್ತೆ ಅನ್ನೋದು ಬಿಟ್ರೆ ಕೆಲಸ ಬೇರೆ ಬೇರೆ.

ಲೈನರ್ ಅಂದ್ರೆ ನಮ್ಮ ಲೈನ್ ಬಸ್ ಇದ್ದ ಹಾಗೆ. ಇಂಥ ದಿನ ಇಲ್ಲಿಂದ ಹೊರಟು ಇಂಥ ದಿನ ಅಲ್ಲಿ ಮುಟ್ಟಬೇಕು. ಚಳಿಗಾಲದ ಅಟ್ಲಾಂಟಿಕ್‌ನಲ್ಲಿ ಅಲೆ ಎಷ್ಟೇ ಎದ್ದರೂ ಟಪಾಲು ಹೋಗಬೇಕು, ಜನ ಹೋಗಬೇಕು. ಅದಕ್ಕೇ ಅದಕ್ಕೆ ಉದ್ದನೆ ಚೂಪು ಮೂತಿ, ಆಳವಾದ ತಳ, ಗಟ್ಟಿ ಮೈ. ಐಕಾನ್ ಮಯಾಮಿಯಿಂದ ಹೊರಟು ಕೆರಿಬಿಯನ್ ಸಮುದ್ರ ಸುತ್ತಿ, ಏಳು ರಾತ್ರಿ ಆದ್ಮೇಲೆ ವಾಪಸ್ ಮಯಾಮಿಗೇ ಬರುತ್ತೆ. ಮುಂದೆ ಚಂಡಮಾರುತ ಇದ್ರೆ ದಾರಿ ಬದಲಾಯಿಸುತ್ತೆ. ಊಟ, ಈಜುಕೊಳ, ಜಾರುಬಂಡೆ, ಲೈಟಿಂಗ್. ಅದು ತೇಲೋ ಕಲ್ಯಾಣ ಮಂಟಪ. ಕಲ್ಯಾಣ ಮಂಟಪದ ಮುಂದೆ ಕಡೂರು ಬಸ್ ಆಟಿಕೆ ಅಂತ ನಗೋರಿಗೆ ಒಂದೇ ಪ್ರಶ್ನೆ: ಬೆಳಿಗ್ಗೆ ನಿಮ್ಮನ್ನ ಕಾಲೇಜಿಗೆ ಮುಟ್ಟಿಸೋದು ಯಾವುದು?

ಹೋಲಿಸಲೇಬೇಕು ಅಂದ್ರೆ ಟೈಟಾನಿಕ್ ಪಕ್ಕ ಕ್ವೀನ್ ಮೇರಿ 2 ಇಡಿ. 2004ರಲ್ಲಿ ಓಡಾಟ ಶುರು ಮಾಡಿದ್ದು, 345 ಮೀಟರ್, ಇವತ್ತಿಗೂ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಲೈನರ್ ಕೆಲಸ ಮಾಡ್ತಿರೋದು ಅದೊಂದೇ.

ದೇವನೂರಿನವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಇದು ಲಕ್ಷ್ಮೀಶನ ಊರು. ಕುಮಾರವ್ಯಾಸ ಭಾಮಿನಿ ಷಟ್ಪದಿಯಲ್ಲಿ ಭಾರತದ ಮೊದಲ ಹತ್ತು ಪರ್ವ ಹೇಳಿದ, ಲಕ್ಷ್ಮೀಶ ವಾರ್ಧಕದಲ್ಲಿ ಅಶ್ವಮೇಧದ ಕಥೆ ಹಿಡಿದ. ಪದ್ಯ ಎಣಿಸಿ ಕುಮಾರವ್ಯಾಸ ಗೆದ್ದ, ಲಕ್ಷ್ಮೀಶ ಆಟಿಕೆ ಅಂತ ಯಾರಾದ್ರೂ ನಮ್ಮ ದೇವಸ್ಥಾನದ ಮುಂದೆ ನಿಂತು ಹೇಳ್ಲಿ ನೋಡೋಣ.

ಪೋಸ್ಟ್ 3/7

"ಬರೀ ರೀಲ್ ಮಗಾ, ಯಾಕಿಷ್ಟು ಸೀರಿಯಸ್" ಅಂತ ಆಗಲೇ ಮೆಸೇಜ್ ಬಂದಿದೆ. ಯಾಕೆ ಅಂತ ಹೇಳ್ತೀನಿ. ಜನರನ್ನ ಬಿಟ್ಟು ಟನ್ ಎಣಿಸಿದ್ರೆ ಏನಾಗುತ್ತೆ ಅನ್ನೋದಕ್ಕೆ ಸಾಕ್ಷಿ ಆ ರೀಲ್‌ನ ಎಡಗಡೆಯಲ್ಲೇ ಇದೆ.

ಟೈಟಾನಿಕ್ ಹೊರಟಾಗ ಬ್ರಿಟನ್ನಿನ ನಿಯಮ ಏನಿತ್ತು ಗೊತ್ತಾ? ಹಡಗಿನಲ್ಲಿ ಎಷ್ಟು ಲೈಫ್‌ಬೋಟ್ ಇರಬೇಕು ಅನ್ನೋದನ್ನ ಎಷ್ಟು ಜನ ಇದ್ದಾರೆ ಅಂತ ನೋಡಿ ತೀರ್ಮಾನ ಮಾಡ್ತಿರಲಿಲ್ಲ, ಎಷ್ಟು ಟನ್ ಅಂತ ನೋಡಿ ಮಾಡ್ತಿದ್ರು. ಆ ಪಟ್ಟಿ 10,000 ಟನ್ನಿಗೆ ನಿಂತು ಹೋಗಿತ್ತು. ಅದಕ್ಕಿಂತ ದೊಡ್ಡ ಹಡಗು ಯಾವುದೇ ಇರಲಿ, 16 ದೋಣಿ ಇದ್ರೆ ಸಾಕು. 46,328 ಟನ್ನಿನ ಟೈಟಾನಿಕ್ 20 ದೋಣಿ ಇಟ್ಕೊಂಡಿತ್ತು. ಅಂದ್ರೆ ಕಾನೂನು ಕೇಳಿದ್ದಕ್ಕಿಂತ ನಾಲ್ಕು ಜಾಸ್ತಿ! ಆ 20 ದೋಣಿಯಲ್ಲಿ 1,178 ಜನ ಕೂರಬಹುದಿತ್ತು. ಹಡಗಿನಲ್ಲಿ ಇದ್ದದ್ದು ಸುಮಾರು 2,200 ಜನ. ಸತ್ತದ್ದು 1,500ಕ್ಕೂ ಹೆಚ್ಚು, ಅದರಲ್ಲಿ ಮೂರನೇ ಕ್ಲಾಸಿನವರೂ ಹಡಗಿನ ಸಿಬ್ಬಂದಿಯೂ ಜಾಸ್ತಿ.

ಎಲ್ಲಾ ಪ್ರಯಾಣಿಕರಿಗೂ ದೋಣಿ ಇರಲೇಬೇಕು ಅನ್ನೋ ಅಂತರರಾಷ್ಟ್ರೀಯ ಒಪ್ಪಂದ ಬಂದಿದ್ದು 1914ರಲ್ಲಿ, ಅಷ್ಟು ಜನ ಮುಳುಗಿದ ಮೇಲೆ. ನೂರು ವರ್ಷ ಕಳೆದಿದೆ, ನಮ್ಮ ರೀಲ್ ಇನ್ನೂ ಟನ್ನಿನಲ್ಲೇ ನಿಂತಿದೆ.

ಪೋಸ್ಟ್ 4/7

ಈಗ ನಿಮಗೆ ಗೊತ್ತಿಲ್ಲದ ಹಡಗಿನ ಹೆಸರು ಹೇಳ್ತೀನಿ. ರಜುಲಾ. ಗ್ಲಾಸ್ಗೋದಲ್ಲಿ ಕಟ್ಟಿದ್ದು, 1926ರಿಂದ ಓಡಾಟ. ಮದ್ರಾಸು, ನಾಗಪಟ್ಟಣಂ, ಪೆನಾಂಗ್, ಸಿಂಗಾಪುರ. ಬರೀ 8,478 ಟನ್. ನಿಮ್ಮ ರೀಲ್‌ನಲ್ಲಿ ಇಟ್ಟರೆ ಕಣ್ಣಿಗೂ ಕಾಣಲ್ಲ.

ಸೆಮಿಸ್ಟರ್‌ಗೊಮ್ಮೆ ರೇಷಿಯೋ ಅನಾಲಿಸಿಸ್ ಅಂತ ಬಾಯಿಪಾಠ ಮಾಡ್ತೀವಲ್ಲ, ಇಲ್ಲಿ ಹಾಕಿ. ಟೈಟಾನಿಕ್‌ಗೆ ಸುಮಾರು 2,400 ಪ್ರಯಾಣಿಕರ ಜಾಗ. ತಲೆಗೆ ಸುಮಾರು 19 ಟನ್. ರಜುಲಾಗೆ ಶುರುವಿನಲ್ಲಿ ಪರವಾನಗಿ ಇದ್ದದ್ದು 5,000ಕ್ಕೂ ಹೆಚ್ಚು ಡೆಕ್ ಪ್ರಯಾಣಿಕರಿಗೆ. ತಲೆಗೆ ಎರಡು ಟನ್ನೂ ಇಲ್ಲ. (ಐಕಾನ್ ಅನ್ನ ಈ ಲೆಕ್ಕಕ್ಕೆ ಸೇರಿಸ್ತಿಲ್ಲ. ಯೂನಿಟ್ ಬೇರೆ ಅಂತ ಮೊದಲ ಪೋಸ್ಟ್‌ನಲ್ಲಿ ನಾನೇ ಹೇಳಿದ್ದೀನಿ.)

ಡೆಕ್ ಪ್ರಯಾಣಿಕ ಅಂದ್ರೆ ರೂಮಿಲ್ಲ, ಮಂಚ ಇಲ್ಲ, ಚಾಪೆ ಹಾಸಿಕೊಂಡಷ್ಟೇ ಜಾಗ. ಹಾಗೆ ಹೋದವರಲ್ಲಿ ಮಲಯಾದ ರಬ್ಬರ್ ತೋಟಕ್ಕೆ ಕೂಲಿಗೆ ಹೊರಟ ತಮಿಳರು, ತೆಲುಗರು ಎಷ್ಟೋ ಜನ. ಕಾಫಿ ಜಿಲ್ಲೆಯಲ್ಲಿ ಹುಟ್ಟಿದ ನಮಗೆ ತೋಟದ ಕೂಲಿಗೆ ಊರು ಬಿಡೋದು ಅಂದ್ರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಸುಮಾರು ಅರ್ಧ ಶತಮಾನ ದುಡಿದ ಹಡಗು ಅದು. 1973ರಲ್ಲಿ ನಮ್ಮ ಶಿಪ್ಪಿಂಗ್ ಕಾರ್ಪೊರೇಷನ್ ತಗೊಂಡು ರಂಗತ್ ಅಂತ ಹೆಸರಿಟ್ಟಿತು, ಮರುವರ್ಷ ಗುಜರಿಗೆ ಹೋಯ್ತು. ಅದರ ಮೇಲೆ ಒಂದು ಸಿನಿಮಾನೂ ಬಂದಿಲ್ಲ.

ನಮ್ಮ ಕರಾವಳಿಯವರದ್ದೂ ಇದೇ ಕಥೆ. ಕೊಂಕಣ ರೈಲು ಬರೋದಕ್ಕೆ ಎಷ್ಟೋ ಮುಂಚೆ ಮಂಗಳೂರು ಕಡೆಯಿಂದ ಸ್ಟೀಮರ್ ಹತ್ತಿ ಮುಂಬೈಗೆ ಹೋದವರು ಅಲ್ಲಿ ಹೋಟೆಲ್‌ಗಳಲ್ಲಿ ಲೋಟ ತೊಳೆದು, ಆಮೇಲೆ ತಾವೇ ಹೋಟೆಲ್ ಕಟ್ಟಿದ್ರು. ಮಳೆಗಾಲ ಬಂತು ಅಂದ್ರೆ ಓಡಾಟ ಬಂದ್. ಆ ಹಡಗಿಗೆ ಜನ ಇಟ್ಟ ಹೆಸರು ಆಗಬೋಟು. 'ಆಗ' ಅಂದ್ರೆ ಬೆಂಕಿ. ನಿಮ್ಮ ಇಮೋಜಿ ಹಾಕೋದಿದ್ರೆ ಅಲ್ಲಿ ಹಾಕಿ.

ಪೋಸ್ಟ್ 5/7

ಸರಿ, ಗಾತ್ರ ಬೇಡ, ಸ್ಪೀಡ್ ನೋಡೋಣ ಅಂತೀರಾ? ನೋಡಿ.

1907ರ ಮಾರಿಟೇನಿಯಾ ಸುಮಾರು 26 ನಾಟ್ ವೇಗದಲ್ಲಿ ಅಟ್ಲಾಂಟಿಕ್ ದಾಟ್ತಿತ್ತು. 1909ರಿಂದ 1929ರವರೆಗೆ ಅದರ ದಾಖಲೆ ಯಾರೂ ಮುರಿಯಲಿಲ್ಲ. 2024ರ ಐಕಾನ್? ಸುಮಾರು 22 ನಾಟ್. ಹಾಗಾದ್ರೆ 117 ವರ್ಷದಲ್ಲಿ ಹಡಗು ಹಿಂದಕ್ಕೆ ಹೋಯ್ತಾ? ಇಲ್ಲ, ಅದಕ್ಕೆ ಅವಸರ ಇಲ್ಲ ಅಷ್ಟೇ. ಕಲ್ಯಾಣ ಮಂಟಪ ಯಾಕೆ ಓಡಬೇಕು?

ಆ ವೇಗಕ್ಕೆ ದುಡ್ಡು ಕೊಟ್ಟೋರು ಯಾರು ಅನ್ನೋದು ಅಸಲಿ ವಿಷಯ. ಮಾರಿಟೇನಿಯಾ ಮತ್ತು ಅದರ ಜೋಡಿ ಲೂಸಿಟೇನಿಯಾ ಕಟ್ಟೋಕೆ ಬ್ರಿಟಿಷ್ ಸರ್ಕಾರ ಕುನಾರ್ಡ್ ಕಂಪನಿಗೆ 26 ಲಕ್ಷ ಪೌಂಡ್ ಸಾಲ ಕೊಟ್ಟಿತು, ಕಡಿಮೆ ಬಡ್ಡಿಗೆ. ಅದರ ಮೇಲೆ ವರ್ಷಕ್ಕೆ 1,50,000 ಪೌಂಡ್ ಸಹಾಯಧನ. ಯುದ್ಧ ಬಂದ್ರೆ ಹಡಗು ನಮಗೆ ಕೊಡಬೇಕು ಅನ್ನೋದು ಕರಾರು. ಇನ್ನು 1952ರ ಯುನೈಟೆಡ್ ಸ್ಟೇಟ್ಸ್, ಲೈನರ್‌ಗಳಲ್ಲೇ ಅತಿ ವೇಗದ್ದು: ಮೂರು ದಿನ, ಹತ್ತು ಗಂಟೆ, ನಲವತ್ತು ನಿಮಿಷದಲ್ಲಿ ಅಟ್ಲಾಂಟಿಕ್ ದಾಟಿತು, 35 ನಾಟ್‌ಗೂ ಮೇಲೆ. ಕಟ್ಟೋಕೆ ಆದ ಖರ್ಚು ಸುಮಾರು 7.8 ಕೋಟಿ ಡಾಲರ್, ಅದರಲ್ಲಿ ಸುಮಾರು 5 ಕೋಟಿ ಅಮೆರಿಕ ಸರ್ಕಾರದ್ದು. ಅವರಿಗೆ ಬೇಕಿದ್ದದ್ದು ಸೈನಿಕರನ್ನ ಸಾಗಿಸೋ ಹಡಗು. ಆದ್ರೆ 1958ರಲ್ಲಿ ಜೆಟ್ ವಿಮಾನ ಅಟ್ಲಾಂಟಿಕ್ ದಾಟೋಕೆ ಶುರು ಮಾಡ್ತು, ಮೂರೂವರೆ ದಿನದ ದಾಖಲೆ ಯಾರಿಗೂ ಬೇಡವಾಯ್ತು, 1969ಕ್ಕೆ ಹಡಗು ಮೂಲೆ ಸೇರಿತು.

ಹೆಣ್ಣುಮಕ್ಕಳಿಗೆ ಫ್ರೀ ಬಸ್ ಅಂದ ಕೂಡ್ಲೇ 'ನಮ್ಮ ಟ್ಯಾಕ್ಸ್ ದುಡ್ಡು' ಅಂತ ಸ್ಟೇಟಸ್ ಹಾಕೋ ಅಣ್ಣಂದಿರೇ, ನೀವು 'ಆ ಕಾಲದ ಕಂಪನಿಗಳ ಗತ್ತು' ಅಂತ ಬಾಯಿ ಬಿಟ್ಕೊಂಡು ನೋಡೋ ಹಡಗುಗಳೂ ಟ್ಯಾಕ್ಸ್ ದುಡ್ಡಿನಲ್ಲೇ ಓಡಿದ್ದು. ಬ್ಯಾಲೆನ್ಸ್ ಶೀಟ್ ಎರಡೂ ಕಡೆ ನೋಡಬೇಕು.

ಪೋಸ್ಟ್ 6/7

ಅತಿ ದೊಡ್ಡ ಹಡಗು ಅಂದ್ರೆ ಅತಿ ಯಶಸ್ವಿ ಹಡಗು ಅಂತೇನಿಲ್ಲ. 1858ರಲ್ಲಿ ನೀರಿಗಿಳಿದ ಗ್ರೇಟ್ ಈಸ್ಟರ್ನ್ 211 ಮೀಟರ್ ಇತ್ತು, ಸುಮಾರು ನಲವತ್ತು ವರ್ಷ ಅಷ್ಟು ಉದ್ದದ ಇನ್ನೊಂದು ಹಡಗು ಬರಲಿಲ್ಲ. 4,000 ಜನರನ್ನ ಕೂರಿಸ್ಕೊಂಡು, ನಡುವೆ ಎಲ್ಲೂ ಕಲ್ಲಿದ್ದಲು ತುಂಬದೆ ಪೂರ್ವ ದೇಶಗಳಿಗೆ ಹೋಗಲಿ ಅಂತ ಕಟ್ಟಿದ್ದು. ಪ್ರಯಾಣಿಕರ ಹಡಗಾಗಿ ಪೂರಾ ನಷ್ಟ. ಕೊನೆಗೆ ಅದು ಹೆಸರು ಮಾಡಿದ್ದು ಸಮುದ್ರದ ತಳದಲ್ಲಿ ಟೆಲಿಗ್ರಾಫ್ ಕೇಬಲ್ ಹಾಸೋ ಕೆಲಸದಲ್ಲಿ. 1870ರಲ್ಲಿ ಮುಂಬೈನಿಂದ ಏಡನ್‌ಗೆ ಕೇಬಲ್ ಹಾಸಿದ್ದೂ ಅದೇ.

ಇನ್ನೊಂದು ಕಡೆ ನಾರ್ಕುಂಡಾ. 1920ರದ್ದು, ಸುಮಾರು 16,000 ಟನ್, ಇಂಗ್ಲೆಂಡ್ ಮತ್ತು ಪೂರ್ವ ದೇಶಗಳ ನಡುವಿನ ದಾರಿಯದ್ದು. ಯಾವ ಟಾಪ್ ಟೆನ್ ಪಟ್ಟಿಯಲ್ಲೂ ಇಲ್ಲ. 1921ರಲ್ಲಿ ಸಿ.ವಿ. ರಾಮನ್ ಇಂಗ್ಲೆಂಡಿನಿಂದ ವಾಪಸ್ ಬಂದದ್ದು ಅದರಲ್ಲಿ. ಮೆಡಿಟರೇನಿಯನ್ ಸಮುದ್ರ ಯಾಕಿಷ್ಟು ನೀಲಿ ಅನ್ನೋ ಪ್ರಶ್ನೆ ಹಿಡಿದು ಕೂತ್ರು. ಆಕಾಶದ ಬಣ್ಣ ನೀರಲ್ಲಿ ಕಾಣುತ್ತೆ ಅಷ್ಟೇ ಅನ್ನೋದು ಲಾರ್ಡ್ ರೇಲಿ ಕೊಟ್ಟಿದ್ದ ವಿವರಣೆ. ರಾಮನ್ ಹತ್ರ ಒಂದು ನಿಕೋಲ್ ಪ್ರಿಸಂ ಇತ್ತು. ಅದರಲ್ಲಿ ನೀರಿನ ಮೇಲ್ಮೈಯ ಪ್ರತಿಫಲನ ತಡೆದು ನೋಡಿದ್ರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯ್ತು. ಅಂದ್ರೆ ನೀರೇ ಬೆಳಕನ್ನ ಚದುರಿಸ್ತಿದೆ. ಹಡಗು ಮುಂಬೈ ಬಂದರಿನಲ್ಲಿ ಇರುವಾಗಲೇ ನೇಚರ್ ಪತ್ರಿಕೆಗೆ ಪತ್ರ ಬರೆದ್ರು. ಆ ದಾರಿ ಹಿಡಿದು ಹೋಗಿದ್ದೇ 1928ರ ರಾಮನ್ ಪರಿಣಾಮ, 1930ರ ನೊಬೆಲ್. 1933ಕ್ಕೆ ಬೆಂಗಳೂರಿಗೆ ಬಂದವರು ಕೊನೆವರೆಗೂ ಇಲ್ಲೇ ಇದ್ರು.

ವಿಮಾನದಲ್ಲಿ ಬಂದಿದ್ರೆ ಕಿಟಕಿ ಮುಚ್ಕೊಂಡು ನಿದ್ದೆ ಮಾಡ್ತಿದ್ರೇನೋ. ನಾರ್ಕುಂಡಾ 1942ರ ನವೆಂಬರ್‌ನಲ್ಲಿ ಅಲ್ಜೀರಿಯಾ ತೀರದ ಹತ್ತಿರ ಜರ್ಮನ್ ಬಾಂಬ್ ಬಿದ್ದು ಮುಳುಗಿತು, ಅದೇ ಮೆಡಿಟರೇನಿಯನ್‌ನಲ್ಲಿ. ಇಂಥ ಹಡಗುಗಳ ಎಂಜಿನ್ ರೂಮಿನಲ್ಲಿ ಕಲ್ಲಿದ್ದಲು, ಎಣ್ಣೆ, ಬೆಂಕಿ ಜೊತೆ ಬೆಂದವರು ಬಹುತೇಕ ನಮ್ಮ ಉಪಖಂಡದ ಲಸ್ಕರ್‌ಗಳು. ಅವರಿಗೆ ಬಿಳಿ ನಾವಿಕರಿಗಿಂತ ತುಂಬಾ ಕಡಿಮೆ ಸಂಬಳ. ಯಾವ ರೀಲ್‌ನಲ್ಲಿ ಆ ಕಾಲಂ ಇದೆ?

ಪೋಸ್ಟ್ 7/7

"ಹಾಗಾದ್ರೆ ಹೋಲಿಸಲೇಬಾರದಾ?" ಹೋಲಿಸಿ ಮಾರಾಯ್ರೇ, ಧಾರಾಳವಾಗಿ. ಅದೇ ದಾರಿ, ಅದೇ ಕೆಲಸ ಇಟ್ಕೊಂಡು ಮಾರಿಟೇನಿಯಾ, ಕ್ವೀನ್ ಮೇರಿ, ಯುನೈಟೆಡ್ ಸ್ಟೇಟ್ಸ್ ಹೋಲಿಸಿ, ಮೂರು ತಲೆಮಾರು ಚೆನ್ನಾಗಿ ಕಾಣುತ್ತೆ. ನನ್ನ ವೋಟು ಮಾರಿಟೇನಿಯಾಗೆ. ಇಪ್ಪತ್ತು ವರ್ಷ ದಾಖಲೆ ಉಳಿಸ್ಕೊಳ್ಳೋದು ತಮಾಷೆ ಅಲ್ಲ.

ಇನ್ನೂ ಚೆನ್ನಾಗಿ ಹೋಲಿಸಬೇಕಾ? ಟೈಟಾನಿಕ್ ಪಕ್ಕ ಅದರ ಅಕ್ಕ ಒಲಿಂಪಿಕ್ ಇಡಿ. ಅದೇ ನಕ್ಷೆ, ಅದೇ ಕಾರ್ಖಾನೆ. 1911ರಿಂದ 1935ರವರೆಗೆ 24 ವರ್ಷ ಜನರನ್ನ ದಡ ಮುಟ್ಟಿಸಿತು, ಯುದ್ಧದಲ್ಲಿ ಸೈನಿಕರನ್ನ ಹೊತ್ತಿತು, 1918ರಲ್ಲಿ ಒಂದು ಜರ್ಮನ್ ಸಬ್‌ಮರೀನ್‌ಗೆ ಗುದ್ದಿ ಮುಳುಗಿಸಿತು. ಮೊದಲ ಪ್ರಯಾಣದಲ್ಲೇ ಮುಳುಗಿದ ತಂಗಿಗೆ ಇಡೀ ಲೋಕದ ಕಣ್ಣೀರು, 24 ವರ್ಷ ಡ್ಯೂಟಿ ಮಾಡಿದ ಅಕ್ಕನ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು?

ಮುಂದಿನ ರೀಲ್ ಮಾಡೋರಿಗೆ ಒಂದು ಐಡಿಯಾ ಕೊಡ್ತೀನಿ, ಕ್ರೆಡಿಟ್ ಬೇಡ. ಎಡಗಡೆ 1962ರ ಫ್ರಾನ್ಸ್ ಇಡಿ. 315 ಮೀಟರ್, ಕ್ವೀನ್ ಮೇರಿ 2 ಬರೋವರೆಗೂ ಅದಕ್ಕಿಂತ ಉದ್ದದ ಪ್ರಯಾಣಿಕ ಹಡಗು ಇರಲಿಲ್ಲ. ಆಮೇಲೆ ನಾರ್ವೆ ಅಂತ ಹೆಸರು ಬದಲಾಯಿಸಿ ಕ್ರೂಸ್ ಹಡಗು ಮಾಡಿದ್ರು. 2003ರಲ್ಲಿ ಮಯಾಮಿಯಲ್ಲಿ ಬಾಯ್ಲರ್ ಸಿಡಿದು ಎಂಟು ಜನ ಕೆಲಸಗಾರರು ಸತ್ತರು. ಬಲಗಡೆ ಬ್ಲೂ ಲೇಡಿ ಇಡಿ. 2006ರಲ್ಲಿ ಗುಜರಾತಿನ ಅಲಂಗ್ ಕಡಲ ತೀರದ ಕೆಸರಿಗೆ ತಂದು ನಿಲ್ಲಿಸಿದ್ದು. ಒಳಗೆ ಆಸ್ಬೆಸ್ಟಾಸ್ ಇದೆ ಅಂತ ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು, 2007ರಲ್ಲಿ ಒಡೆಯೋಕೆ ಅನುಮತಿ ಸಿಕ್ತು, ದಿನಗೂಲಿಯವರು ಗ್ಯಾಸ್ ಕಟರ್ ಹಿಡಿದು ತುಂಡು ತುಂಡು ಮಾಡಿದ್ರು.

ಎಡಗಡೆದೂ ಬಲಗಡೆದೂ ಒಂದೇ ಹಡಗು. ಮ್ಯೂಸಿಕ್ ನಿಮ್ಮಿಷ್ಟ.

#ದೇವನೂರು #ಕಡೂರು #ಬಿಕಾಂ #ಹಡಗು #ರಜುಲಾ